ತೆಗೆದುಹಾಕಿದ ದೃಶ್ಯ ಸಿನಿಮಾದ ಭಾಗವೇ? ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಪಾತ್ರ ಯಾಕೆ ಹಾಗೆ ನಡೆದುಕೊಂಡಿತು ಅಂತ ವಾದ ನಡೆಯುತ್ತಿರುತ್ತದೆ. ಅಷ್ಟರಲ್ಲಿ ಯಾರಾದರೂ ಒಬ್ಬರು, "ಡಿಲೀಟೆಡ್ ಸೀನ್ ನೋಡಿಲ್ವಾ? ಉತ್ತರ ಅದರಲ್ಲೇ ಇದೆ" ಅನ್ನುತ್ತಾರೆ. ಉಳಿದವರು ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾಗಬೇಕಿಲ್ಲ ಅನ್ನುವುದು ನನ್ನ ನಂಬಿಕೆ. ಯಾಕೆ ಅಂತ ಕೆಳಗಿನ ಉತ್ತರಗಳಲ್ಲಿ ಹೇಳಿದ್ದೇನೆ. ಕೆಲವು ಸಿನಿಮಾಗಳ ಕಥೆ, ಕೊನೆ ಎರಡೂ ಇಲ್ಲಿ ಬಯಲಾಗುತ್ತವೆ. ನೋಡದೇ ಇದ್ದವರು ಗಮನಿಸಿ.

ಸುತ್ತಿ ಬಳಸದೆ ಹೇಳಿ. ಡಿಲೀಟೆಡ್ ಸೀನ್ ಸಿನಿಮಾದ ಭಾಗ ಹೌದಾ, ಅಲ್ವಾ?

ಅಲ್ಲ. ಇದು ಮುಗಿಯಿತು ಅಂತ ಜನರ ಮುಂದೆ ಇಟ್ಟ ಪ್ರತಿಯಲ್ಲಿ ಏನಿದೆಯೋ ಅಷ್ಟೇ ಆ ಸಿನಿಮಾ. ತೆಗೆದ ದೃಶ್ಯ ಸಿನಿಮಾ ಹೇಗೆ ತಯಾರಾಯಿತು ಅನ್ನುವುದರ ದಾಖಲೆ. ಬೆಲೆಯುಳ್ಳ ದಾಖಲೆಯೇ ಇರಬಹುದು. ಆದರೂ ಅದು ಸಿನಿಮಾದ ಹೊರಗಿನದು.

ಯಾರಿಗೋ ಕಾಗದ ಬರೆಯುತ್ತೀರಿ. ನಡುವೆ ಒಂದು ಸಾಲು ಬೇಡ ಅನ್ನಿಸಿ, ಅದನ್ನು ಬಿಟ್ಟು ಬೇರೆ ಹಾಳೆಯಲ್ಲಿ ಮತ್ತೆ ಬರೆದು ಕಳಿಸುತ್ತೀರಿ. ಹಳೇ ಹಾಳೆ ಎಂದೋ ಒಂದು ದಿನ ಯಾರ ಕೈಗೋ ಸಿಕ್ಕಿದರೆ ನಿಮ್ಮ ಮನಸ್ಸಿನಲ್ಲಿ ಏನೇನು ಓಡುತ್ತಿತ್ತು ಅಂತ ಅವರಿಗೆ ತಿಳಿಯಬಹುದು. ಆದರೆ ನೀವು ಹೇಳಿದ್ದು ಕಳಿಸಿದ ಹಾಳೆಯಲ್ಲಿದ್ದ ಮಾತು ಮಾತ್ರ.

ಆ ದೃಶ್ಯವನ್ನೂ ಅದೇ ನಿರ್ದೇಶಕರೇ ಅಲ್ವಾ ಚಿತ್ರೀಕರಿಸಿದ್ದು? ಹಣ, ಶ್ರಮ ಎಲ್ಲಾ ಹಾಕಿ?

ಹೌದು. ಆದರೆ ಶೂಟಿಂಗ್ ಮುಗಿದರೆ ಸಿನಿಮಾ ಮುಗಿದ ಹಾಗಲ್ಲ. ಆಗ ಕೈಯಲ್ಲಿರುವುದು ಗಂಟೆಗಟ್ಟಲೆ ಫೂಟೇಜ್. ಎಡಿಟಿಂಗ್ ಟೇಬಲ್ ಮೇಲೆ ಮೊದಲು ರಫ್ ಕಟ್, ಅಂದರೆ ಕಚ್ಚಾ ಜೋಡಣೆ, ಆಗುತ್ತದೆ. ಅದು ಹೆಚ್ಚಾಗಿ ಉದ್ದವಾಗಿ, ಎಳೆದ ಹಾಗೆ ಇರುತ್ತದೆ. ಅಲ್ಲಿಂದ ಯಾವುದು ಉಳಿಯಬೇಕು, ಯಾವುದು ಹೋಗಬೇಕು, ಯಾವುದರ ಪಕ್ಕ ಯಾವುದು ಬರಬೇಕು ಅಂತ ತೀರ್ಮಾನಿಸುತ್ತಾ ಹೋಗುವುದೇ ಸಂಕಲನ. ಬಿಡುವುದೂ ಇಡುವಷ್ಟೇ ದೊಡ್ಡ ತೀರ್ಮಾನ. ಎಷ್ಟೋ ಸಲ ಬಿಟ್ಟಿದ್ದರಿಂದಲೇ ಸಿನಿಮಾಕ್ಕೆ ಜೀವ ಬರುತ್ತದೆ.

ಲಾರೆನ್ಸ್ ಕ್ಯಾಸ್ಡನ್ ಅವರ 1983ರ 'ದಿ ಬಿಗ್ ಚಿಲ್' ನೋಡಿ. ಕಾಲೇಜಿನ ಹಳೇ ಗೆಳೆಯರ ಗುಂಪು. ಅವರಲ್ಲೊಬ್ಬ, ಅಲೆಕ್ಸ್, ಆತ್ಮಹತ್ಯೆ ಮಾಡಿಕೊಂಡಿದ್ದಾನೆ. ಮಣ್ಣಿಗೆ ಬಂದವರು ಒಂದೇ ಮನೆಯಲ್ಲಿ ಕೆಲವು ದಿನ ಉಳಿಯುತ್ತಾರೆ. ಅಲೆಕ್ಸ್ ಪಾತ್ರ ಮಾಡಿದ್ದು ಕೆವಿನ್ ಕಾಸ್ಟ್‌ನರ್. ಕಾಲೇಜು ದಿನಗಳ ಫ್ಲ್ಯಾಶ್‌ಬ್ಯಾಕ್ ಚಿತ್ರೀಕರಣವೂ ಆಗಿತ್ತು. ಎಡಿಟಿಂಗ್‌ನಲ್ಲಿ ಅದು ಪೂರ್ತಿ ಹೋಯಿತು.

ಉಳಿದದ್ದು ಶುರುವಿನ ಟೈಟಲ್ ನಡುವೆ ಬರುವ ಕೆಲವು ಚೂರುಗಳು. ಒಬ್ಬ ಗಂಡಸಿಗೆ ಬಟ್ಟೆ ತೊಡಿಸುತ್ತಿದ್ದಾರೆ. ಮುಖ ಕಾಣುವುದಿಲ್ಲ. ಎಲ್ಲಿಗೋ ಹೊರಟಿದ್ದಾನೆ, ಸಿಂಗರಿಸಿಕೊಳ್ಳುತ್ತಿದ್ದಾನೆ ಅನ್ನಿಸುತ್ತದೆ. ಕೊನೆಗೆ ಮಣಿಕಟ್ಟು ಕಾಣುತ್ತದೆ. ಅಲ್ಲಿ ಹೊಲಿಗೆ ಹಾಕಿದ ಗಾಯ. ಅಂಗಿಯ ತೋಳು ಅದನ್ನು ಮುಚ್ಚುತ್ತದೆ. ಅವನು ಹೆಣ ಅಂತ ಗೊತ್ತಾಗುವುದು ಆಗ.

ಅಲ್ಲಿಂದ ಮುಂದೆ ಸಿನಿಮಾ ಪೂರ್ತಿ ಎಲ್ಲರೂ ಅವನ ಬಗ್ಗೆ ಮಾತಾಡುತ್ತಾರೆ. ಒಬ್ಬೊಬ್ಬರ ಬಾಯಲ್ಲಿ ಅವನು ಒಂದೊಂದು ಥರ. ನೋಡುವ ನಮಗೂ ಅವನು ಸಿಗುವುದಿಲ್ಲ, ಅವನ ಗೆಳೆಯರಿಗೂ ಸಿಗುವುದಿಲ್ಲ. ಫ್ಲ್ಯಾಶ್‌ಬ್ಯಾಕ್ ಇದ್ದಿದ್ದರೆ ನಮಗೆ ಒಂದು ಮುಖ, ಒಂದು ನಗು, ಒಂದು ದನಿ ಸಿಗುತ್ತಿತ್ತು. "ಓ, ಇವನಾ ಅಲೆಕ್ಸ್" ಅಂದುಕೊಳ್ಳುತ್ತಿದ್ದೆವು. ಗೆಳೆಯರ ತಡಕಾಟ ನಮ್ಮದೂ ಆಗುತ್ತಿರಲಿಲ್ಲ. ಈಗ ಆ ಫ್ಲ್ಯಾಶ್‌ಬ್ಯಾಕ್ ಕೂಡ ಸಿನಿಮಾದ ಭಾಗ ಅಂದರೆ, ಅದನ್ನು ತೆಗೆದು ಕ್ಯಾಸ್ಡನ್ ಮಾಡಿದ ಕೆಲಸವನ್ನೇ ಅಳಿಸಿ ಹಾಕಿದ ಹಾಗಲ್ವಾ?

ಅಂದರೆ ಚೆನ್ನಾಗಿಲ್ಲದ ದೃಶ್ಯಗಳನ್ನು ತೆಗೆಯುತ್ತಾರೆ, ಅಷ್ಟೇ ತಾನೇ?

ಅಷ್ಟೇ ಅಲ್ಲ. ನಟನೆ ಸರಿಯಿಲ್ಲ ಅಂತಲೋ, ಗ್ರಾಫಿಕ್ಸ್ ಸರಿ ಬರಲಿಲ್ಲ ಅಂತಲೋ ತೆಗೆಯುವುದು ಇದ್ದೇ ಇದೆ. ಉದ್ದ ಜಾಸ್ತಿಯಾಯಿತು ಅಂತ ತೆಗೆಯುತ್ತಾರೆ. ಆದರೆ ಒಳ್ಳೆಯ ದೃಶ್ಯಗಳೂ ಹೋಗುತ್ತವೆ. ಒಂದು ದೃಶ್ಯ ತಾನೇ ತಾನಾಗಿ ಸೊಗಸಾಗಿದ್ದು, ಹಿಂದುಮುಂದಿನ ಓಟಕ್ಕೆ ಅಡ್ಡ ನಿಂತರೆ ಅದಕ್ಕೆ ಕತ್ತರಿ ಬೀಳುತ್ತದೆ.

ಹೀಗೆ ಹೋದ ದೃಶ್ಯವನ್ನು ಮತ್ತೆ ತಂದು ಸೇರಿಸಿದರೆ ಏನಾಗುತ್ತದೆ ಅನ್ನುವುದಕ್ಕೆ 1977ರ ಮೊದಲ 'ಸ್ಟಾರ್ ವಾರ್ಸ್' ಒಳ್ಳೆಯ ಉದಾಹರಣೆ. ಹಾನ್ ಸೋಲೋ ಜಬ್ಬಾ ಅನ್ನುವವನಿಗೆ ಹಣ ಬಾಕಿ ಉಳಿಸಿಕೊಂಡಿದ್ದಾನೆ. ಜಬ್ಬಾನ ಜೊತೆ ಅವನು ಮುಖಾಮುಖಿ ಮಾತಾಡುವ ದೃಶ್ಯ ಶೂಟ್ ಆಗಿತ್ತು. ಆಗ ಜಬ್ಬಾ ಆಗಿದ್ದವರು ಒಬ್ಬ ನಟ. ಆ ದೃಶ್ಯ ಹೋಯಿತು. ಅದರಲ್ಲಿದ್ದ ಮುಖ್ಯ ಮಾತುಗಳನ್ನು ಅದಕ್ಕಿಂತ ಮೊದಲು ಬರುವ, ಹಾನ್‌ನನ್ನು ಹಿಡಿಯಲು ಬಂದ ಗ್ರೀಡೋ ಜೊತೆಗಿನ ಮಾತುಕತೆಗೆ ಸೇರಿಸಿದರು. 1997ರಲ್ಲಿ ಜಾರ್ಜ್ ಲ್ಯೂಕಾಸ್ ಹಳೇ ದೃಶ್ಯವನ್ನು ವಾಪಸ್ ತಂದು, ನಟ ನಿಂತಿದ್ದ ಜಾಗದಲ್ಲಿ ಕಂಪ್ಯೂಟರ್‌ನಲ್ಲಿ ಮಾಡಿದ ಜಬ್ಬಾನನ್ನು ಕೂರಿಸಿದರು. ಈಗ ಹೆಚ್ಚುಕಮ್ಮಿ ಅದೇ ಮಾತನ್ನು ಹಾನ್ ಸೋಲೋ ಸ್ವಲ್ಪ ಹೊತ್ತಿನಲ್ಲೇ ಎರಡು ಸಲ ಹೇಳುತ್ತಾನೆ. ಒಂದು ದೃಶ್ಯ ಹೋದಾಗ ಉಳಿದ ಸಿನಿಮಾ ಆ ಜಾಗವನ್ನು ಬೇರೆ ರೀತಿಯಲ್ಲಿ ತುಂಬಿಕೊಂಡಿರುತ್ತದೆ. ವಾಪಸ್ ತಂದರೆ ಕೂರಿಸಲು ಜಾಗವೇ ಇರುವುದಿಲ್ಲ.

ಡಿಲೀಟೆಡ್ ಸೀನ್‌ನಲ್ಲಿ ಒಂದು ಘಟನೆ ನಡೆದರೆ, ಕಥೆಯೊಳಗೆ ಅದು ನಿಜವಾಗಿ ನಡೆದಿದೆ ಅಂತ ತಾನೇ ಅರ್ಥ?

ಜಾಸ್ತಿ ಜಗಳ ಆಗುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ನೋಡೋಣ.

ರಿಡ್ಲಿ ಸ್ಕಾಟ್ ಅವರ 1979ರ 'ಏಲಿಯನ್'. ಬಾಹ್ಯಾಕಾಶ ನೌಕೆಯ ಸಿಬ್ಬಂದಿಯನ್ನು ಒಂದು ಜೀವಿ ಒಬ್ಬೊಬ್ಬರನ್ನಾಗಿ ಬೇಟೆಯಾಡುತ್ತದೆ. ಕ್ಯಾಪ್ಟನ್ ಡ್ಯಾಲಸ್ ಗಾಳಿ ಕೊಳವೆಯೊಳಗೆ ಹೋಗುತ್ತಾನೆ, ಆಮೇಲೆ ಕಾಣುವುದೇ ಇಲ್ಲ. ಬಿಡುಗಡೆಯಾದ ಸಿನಿಮಾ ಅವನಿಗೆ ಏನಾಯಿತು ಅಂತ ಹೇಳುವುದಿಲ್ಲ. ತೆಗೆದ ದೃಶ್ಯ ಹೇಳುತ್ತದೆ. ಅದರಲ್ಲಿ ಸಿಬ್ಬಂದಿಯಲ್ಲೊಬ್ಬಳಾದ ನಾಯಕಿ ರಿಪ್ಲಿ ತಪ್ಪಿಸಿಕೊಂಡು ಓಡುವಾಗ ಡ್ಯಾಲಸ್‌ನನ್ನು ಕಾಣುತ್ತಾಳೆ. ಗೋಡೆಗೆ ಅಂಟಿದ ಗೂಡಿನಂಥ ಲೋಳೆಯಲ್ಲಿ ಸಿಕ್ಕಿಕೊಂಡಿದ್ದಾನೆ, ಇನ್ನೂ ಜೀವ ಇದೆ. ಪಕ್ಕದಲ್ಲಿ ಇನ್ನೊಬ್ಬ ಸಿಬ್ಬಂದಿ ಬ್ರೆಟ್‌ನ ದೇಹ ಮೊಟ್ಟೆಯಾಗಿ ಮಾರ್ಪಡುತ್ತಿದೆ. ಕೊಂದುಬಿಡು ಅಂತ ಡ್ಯಾಲಸ್ ಬೇಡುತ್ತಾನೆ. ಅವಳು ಬೆಂಕಿ ಹಚ್ಚುತ್ತಾಳೆ.

ಇದರ ಪ್ರಕಾರ ಆ ಜೀವಿ ಮನುಷ್ಯರ ದೇಹವನ್ನೇ ಮೊಟ್ಟೆ ಮಾಡಿಕೊಳ್ಳುತ್ತದೆ. 1986ರಲ್ಲಿ ಜೇಮ್ಸ್ ಕ್ಯಾಮರೂನ್ 'ಏಲಿಯನ್ಸ್' ಮಾಡಿದರು. ಅದರಲ್ಲಿ ಮೊಟ್ಟೆ ಇಡುವುದಕ್ಕೆ ಒಂದು ದೊಡ್ಡ ರಾಣಿ ಇದೆ. ಎರಡನೇ ಸಿನಿಮಾ ಪೂರ್ತಿ ನಿಂತಿರುವುದೇ ಆ ರಾಣಿಯ ಮೇಲೆ. ಮೊದಲ ಸಿನಿಮಾದಿಂದ ತೆಗೆದ ದೃಶ್ಯವೂ "ನಿಜ" ಅಂದರೆ ಎರಡಕ್ಕೂ ಹೊಂದುವುದಿಲ್ಲ. ಅಭಿಮಾನಿಗಳು ಎರಡನ್ನೂ ಹೊಲಿದು ಒಂದು ಮಾಡಲು ನೋಡುತ್ತಾರೆ. ರಾಣಿ ಇಲ್ಲದಿದ್ದಾಗ ಹೀಗೆ, ಇದ್ದಾಗ ಹಾಗೆ ಅಂತ. ಅವರ ಶ್ರದ್ಧೆ ನನಗೆ ಇಷ್ಟವೇ. ಆದರೆ ಕ್ಯಾಮರೂನ್ ಮುಂದುವರಿಸಿದ್ದು ಜನ ಥಿಯೇಟರ್‌ನಲ್ಲಿ ನೋಡಿದ ಸಿನಿಮಾವನ್ನು. ಅದರಲ್ಲಿ ಮೊಟ್ಟೆ ಎಲ್ಲಿಂದ ಬಂತು ಅನ್ನುವ ಪ್ರಶ್ನೆ ಖಾಲಿ ಇತ್ತು. ಆ ಖಾಲಿ ಜಾಗದಲ್ಲಿ ಅವರು ರಾಣಿಯನ್ನು ಕೂರಿಸಿದರು.

ಡ್ಯಾಲಸ್ ವಿಷಯದಲ್ಲೂ ಅಷ್ಟೇ. ಕತ್ತಲೆ ಕೊಳವೆಯಲ್ಲಿ ಮಾಯವಾದ ಮನುಷ್ಯ ಎಲ್ಲಿ ಹೋದ ಅಂತ ಗೊತ್ತಾಗದೇ ಇರುವುದೇ ನೋಡುವವರ ಎದೆಯಲ್ಲಿ ಕೂರುವ ಭಯ. ಸಿನಿಮಾ ಬೇಕೆಂದೇ ಬಿಟ್ಟ ಪ್ರಶ್ನೆಗೆ, ಸಿನಿಮಾ ತಾನೇ ಬೇಡ ಅಂದ ದೃಶ್ಯದಿಂದ ಉತ್ತರ ತಂದು ಅಂಟಿಸುವುದು ಸರಿಯಲ್ಲ.

ತೆಗೆದ ದೃಶ್ಯದಿಂದ ಪಾತ್ರ ಇನ್ನೂ ಚೆನ್ನಾಗಿ ಅರ್ಥವಾದರೆ?

ಆಗಲೂ ಉತ್ತರ ಅದೇ. ಆದರೆ ಇಲ್ಲಿ ನನಗೂ ಮನಸ್ಸು ಎಳೆಯುತ್ತದೆ, ಒಪ್ಪಿಕೊಳ್ಳುತ್ತೇನೆ. 'ಏಲಿಯನ್ಸ್'ನಿಂದಲೇ ಹೋದ ಇನ್ನೊಂದು ದೃಶ್ಯ ಇದೆ. ರಿಪ್ಲಿ 57 ವರ್ಷ ನಿದ್ದೆಯಲ್ಲಿ ತೇಲಿ ಬಂದಿದ್ದಾಳೆ. ಕಾಡಿನ ಚಿತ್ರ ಓಡುತ್ತಿರುವ ಒಂದು ಪರದೆಯ ಮುಂದೆ ಬೆಂಚಿನ ಮೇಲೆ ಕೂತಿದ್ದಾಳೆ. ಮಗಳ ಸುದ್ದಿ ಕೇಳುತ್ತಾಳೆ. ಮಗಳು 66ನೇ ವಯಸ್ಸಿನಲ್ಲಿ ತೀರಿಕೊಂಡು ಎರಡು ವರ್ಷ ಆಗಿದೆ. ಕೈಗೆ ಒಂದು ಮುದುಕಿಯ ಫೋಟೊ ಬರುತ್ತದೆ. ಮಗಳ 11ನೇ ಹುಟ್ಟುಹಬ್ಬಕ್ಕೆ ಮನೆಗೆ ಬರುತ್ತೇನೆ ಅಂತ ಮಾತು ಕೊಟ್ಟಿದ್ದ ತಾಯಿ ಆ ಮುದುಕಿಯ ಮುಖವನ್ನು ಬೆರಳಿನಿಂದ ಮುಟ್ಟುತ್ತಾಳೆ. ಸಿಗೋರ್ನಿ ವೀವರ್ ಅಲ್ಲಿ ಮಾಡಿದ ನಟನೆ ತುಂಬಾ ದೊಡ್ಡದು.

ಆಮೇಲೆ ಬಂದ ಉದ್ದದ ಆವೃತ್ತಿಯಲ್ಲಿ ಆ ದೃಶ್ಯ ಇದೆ. ಅದನ್ನು ನೋಡಿದ ಮೇಲೆ, ನ್ಯೂಟ್ ಅನ್ನುವ ಪುಟ್ಟ ಹುಡುಗಿಗಾಗಿ ರಿಪ್ಲಿ ಪ್ರಾಣ ಪಣಕ್ಕಿಡುವುದಕ್ಕೆ ಕಾರಣ ಸಿಕ್ಕಿಬಿಡುತ್ತದೆ. ಮಗಳನ್ನು ಕಳೆದುಕೊಂಡವಳು, ಅದಕ್ಕೆ. ಥಿಯೇಟರ್ ಆವೃತ್ತಿಯಲ್ಲಿ ಆ ಕಾರಣ ಇಲ್ಲ. ಅಲ್ಲಿ ರಿಪ್ಲಿ ಯಾರ ತಾಯಿಯೂ ಅಲ್ಲ, ಆ ಹುಡುಗಿಗಾಗಿ ಸುಮ್ನೆ ನಿಂತುಬಿಡುತ್ತಾಳೆ. ನನಗೆ ಅದು ಇನ್ನೂ ದೊಡ್ಡ ಮಾತು. ನಿಮಗೆ ಬೇರೆ ಅನ್ನಿಸಬಹುದು. ಆದರೆ ಇವು ಎರಡು ಬೇರೆ ಬೇರೆ ರಿಪ್ಲಿಗಳು. ಒಬ್ಬಳ ಕಾರಣವನ್ನು ಇನ್ನೊಬ್ಬಳಿಗೆ ಕೊಡಲಾಗುವುದಿಲ್ಲ.

ಮುಂದಿನ ಭಾಗ ಬಂದು ತೆಗೆದ ದೃಶ್ಯವನ್ನೇ ನಿಜ ಅಂತ ಹಿಡಿದರೆ?

ಆಗ ಅದು ಮುಂದಿನ ಭಾಗದಲ್ಲಿ ನಿಜ. ಮೊದಲ ಸಿನಿಮಾ ಮೊದಲಿನ ಹಾಗೇ ಇರುತ್ತದೆ.

ಈಗ ಹೇಳಿದ ರಿಪ್ಲಿಯ ಮಗಳು ಅಮಂಡಾ 2014ರಲ್ಲಿ 'ಏಲಿಯನ್: ಐಸೊಲೇಷನ್' ಅನ್ನುವ ವಿಡಿಯೊ ಗೇಮ್‌ಗೆ ನಾಯಕಿಯಾದಳು. ಥಿಯೇಟರ್‌ನಲ್ಲಿ ಸಿನಿಮಾ ನೋಡಿದವರಿಗೆ ಇದ್ದಾಳೆ ಅಂತಲೇ ಗೊತ್ತಿರದ ಒಬ್ಬಳ ಮೇಲೆ ಇಡೀ ಗೇಮ್. ಕ್ಯಾಮರೂನ್ ಅವರ 1984ರ 'ದಿ ಟರ್ಮಿನೇಟರ್'ನಲ್ಲೂ ಹೀಗೇ. ಕೊನೆಯಲ್ಲಿ ಯಂತ್ರಮಾನವ ನುಜ್ಜುಗುಜ್ಜಾಗುವ ಕಾರ್ಖಾನೆ ಸೈಬರ್‌ಡೈನ್ ಕಂಪನಿಯದೇ, ಅವರ ಜನ ಅಲ್ಲಿ ಬಿದ್ದ ಚಿಪ್ ಎತ್ತಿಟ್ಟುಕೊಳ್ಳುತ್ತಾರೆ ಅಂತ ಒಂದು ದೃಶ್ಯ ಇತ್ತು. ಅದನ್ನು ತೆಗೆದರು. 1991ರ ಎರಡನೇ ಭಾಗದ ಕಥೆ ಹುಟ್ಟಿದ್ದೇ ಆ ಎಳೆಯಿಂದ. ಗಮನಿಸಬೇಕಾದ್ದು ಏನೆಂದರೆ, ಎರಡನೇ ಭಾಗ ಚಿಪ್ ವಿಷಯವನ್ನು ತನ್ನೊಳಗೇ ಹೊಸದಾಗಿ ಹೇಳಿಕೊಳ್ಳುತ್ತದೆ. ಮೊದಲ ಭಾಗದ ಡಿಲೀಟೆಡ್ ಸೀನ್ ನೋಡಿ ಬನ್ನಿ ಅಂತ ಯಾರನ್ನೂ ಕಳಿಸುವುದಿಲ್ಲ. ಸರಿಯಾದ ದಾರಿ ಇದು.

2007ರ 'ಐ ಆಮ್ ಲೆಜೆಂಡ್' ಇನ್ನೂ ತಿರುವುಳ್ಳದ್ದು. ಥಿಯೇಟರ್ ಆವೃತ್ತಿಯಲ್ಲಿ ನಾಯಕ ಸಾಯುತ್ತಾನೆ. ಬಿಟ್ಟ ಇನ್ನೊಂದು ಕೊನೆಯಲ್ಲಿ ಬದುಕುತ್ತಾನೆ. ಮುಂದಿನ ಭಾಗ ಬಂದರೆ ಬದುಕಿದ ಕೊನೆಯಿಂದಲೇ ಮುಂದುವರಿಯುತ್ತದೆ ಅಂತ ಅದರ ಬರಹಗಾರರಲ್ಲೊಬ್ಬರಾದ ಅಕೀವಾ ಗೋಲ್ಡ್ಸ್‌ಮನ್ 2023ರಲ್ಲಿ ಹೇಳಿದರು. ಹಾಗಂತ 2007ರಲ್ಲಿ ಥಿಯೇಟರ್‌ನಲ್ಲಿ ಅವನು ಸಾಯುವುದನ್ನು ಕಂಡವರು ಕಂಡದ್ದು ಸುಳ್ಳಾಗುವುದಿಲ್ಲ.

ನಿರ್ದೇಶಕರ ಆವೃತ್ತಿ, ಅಂದರೆ ಡೈರೆಕ್ಟರ್ಸ್ ಕಟ್, ಬಂದರೆ ಹಳೆಯದು ರದ್ದಾಗುತ್ತದಾ?

ಇಲ್ಲ. ದೃಶ್ಯವನ್ನು ವಾಪಸ್ ಸೇರಿಸಿ, ಬಣ್ಣ, ಸದ್ದು, ಸಂಗೀತ ಎಲ್ಲಾ ಕೂಡಿಸಿ, ಇದೂ ಮುಗಿದ ಸಿನಿಮಾ ಅಂತ ಬಿಡುಗಡೆ ಮಾಡಿದರೆ ಅದು ಇನ್ನೊಂದು ಆವೃತ್ತಿ. ಆ ಆವೃತ್ತಿಯಲ್ಲಿ ಆ ದೃಶ್ಯ ಖಂಡಿತ ಸಿನಿಮಾದ ಭಾಗ. ಹಳೇ ಆವೃತ್ತಿಯಲ್ಲಿ ಅಲ್ಲ.

'ಬ್ಲೇಡ್ ರನ್ನರ್' ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ. ಕೊಡಲೇಬೇಕಾದ್ದೂ ಹೌದು. ಮನುಷ್ಯರಂತೆಯೇ ಕಾಣುವ ಕೃತಕ ಜೀವಿಗಳನ್ನು ಬೇಟೆಯಾಡುವವನು ಅದರ ನಾಯಕ. 1982ರ ಪ್ರತಿಯಲ್ಲಿ ನಾಯಕನ ಹಿನ್ನೆಲೆ ದನಿ ಇದೆ, ಸುಖದ ಕೊನೆ ಇದೆ. 1992ರ ಡೈರೆಕ್ಟರ್ಸ್ ಕಟ್‌ನಲ್ಲಿ ಎರಡೂ ಹೋದವು, ಒಂಟಿಕೊಂಬಿನ ಕುದುರೆಯ ಕನಸು ಬಂತು. 2007ರಲ್ಲಿ ರಿಡ್ಲಿ ಸ್ಕಾಟ್ ಪೂರ್ತಿ ತಮ್ಮ ಹಿಡಿತದಲ್ಲಿ ಇನ್ನೊಂದನ್ನು ಮಾಡಿದರು. ಎಲ್ಲಾ ಆವೃತ್ತಿಗಳ ಕೊನೆಯಲ್ಲೂ ನಾಯಕನ ಮನೆ ಬಾಗಿಲಲ್ಲಿ ಇನ್ನೊಬ್ಬ ಪೊಲೀಸ್ ಅಧಿಕಾರಿ ಕಾಗದ ಮಡಿಸಿ ಮಾಡಿದ ಒಂಟಿಕೊಂಬಿನ ಕುದುರೆ ಬಿದ್ದಿರುತ್ತದೆ. ಕನಸು ಇಲ್ಲದ ಪ್ರತಿಯಲ್ಲಿ ಅದು "ನಾನು ಇಲ್ಲಿಗೆ ಬಂದಿದ್ದೆ, ನಿಮ್ಮನ್ನು ಬಿಟ್ಟುಬಿಟ್ಟೆ" ಅನ್ನುವ ಗುರುತು. ಕನಸು ಇರುವ ಪ್ರತಿಯಲ್ಲಿ ಅದೇ ಕಾಗದದ ಚೂರು, ನಿನ್ನ ಕನಸು ಬೇರೆಯವರಿಗೂ ಗೊತ್ತು, ಹಾಗಾದರೆ ನೀನು ಮನುಷ್ಯನೇನಾ ಅಂತ ಕೇಳುತ್ತದೆ. ಸೇರಿದ್ದು ಕೆಲವೇ ಸೆಕೆಂಡಿನ ಶಾಟ್. ಇಡೀ ಸಿನಿಮಾದ ಅರ್ಥ ಬದಲಾಯಿತು. ನಾಯಕ ಯಾರು ಅಂತ ವಾದ ಮಾಡುವವರು ಮೊದಲು ಯಾವ ವರ್ಷದ ಪ್ರತಿ ನೋಡಿದ್ದೀರಿ ಅಂತ ಕೇಳಿಕೊಂಡರೆ ಅರ್ಧ ಜಗಳ ಅಲ್ಲೇ ತೀರುತ್ತದೆ.

ಇನ್ನೊಂದು ವಿಷಯ. 1982ರ ಆ ಸುಖದ ಕೊನೆಯಲ್ಲಿ ಕಾಣುವ ಬೆಟ್ಟಗಳ ಶಾಟ್‌ಗಳು ಸ್ಟ್ಯಾನ್ಲಿ ಕುಬ್ರಿಕ್ ಅವರ 'ದಿ ಶೈನಿಂಗ್'ಗಾಗಿ ಮೇಲಿನಿಂದ ಚಿತ್ರೀಕರಿಸಿ ಬಳಸದೆ ಬಿಟ್ಟಿದ್ದ ಫೂಟೇಜ್. ಒಬ್ಬರು ಬೇಡ ಅಂದದ್ದು ಇನ್ನೊಬ್ಬರ ಮುಗಿದ ಸಿನಿಮಾದೊಳಗೆ ಹೋಗಿ ಸೇರಿತು. ಒಂದು ಶಾಟ್ ಯಾವ ಸಿನಿಮಾದ್ದು ಅನ್ನುವುದನ್ನು ಅದನ್ನು ಯಾವುದಕ್ಕಾಗಿ ಚಿತ್ರೀಕರಿಸಿದರು ಅನ್ನುವುದು ತೀರ್ಮಾನಿಸುವುದಿಲ್ಲ. ಎಲ್ಲಿ ಇಟ್ಟರು ಅನ್ನುವುದು ತೀರ್ಮಾನಿಸುತ್ತದೆ.

ಡಿಸ್ಕ್‌ನ ಪೆಟ್ಟಿಗೆ ಮೇಲೆ "ಡೈರೆಕ್ಟರ್ಸ್ ಕಟ್" ಅಂತ ಇದ್ದರೆ ನಿರ್ದೇಶಕರಿಗೆ ಅದೇ ಇಷ್ಟ ಅಂತ ಅಲ್ವಾ?

ಹಾಗೇನೂ ಇಲ್ಲ. ಅದು ಎಷ್ಟೋ ಸಲ ಮಾರಾಟದ ಹೆಸರು. 2003ರಲ್ಲಿ 'ಏಲಿಯನ್'ಗೂ ಡೈರೆಕ್ಟರ್ಸ್ ಕಟ್ ಬಂತು. ಡ್ಯಾಲಸ್ ದೃಶ್ಯ ಅದರಲ್ಲಿದೆ. ಬೇರೆ ಕಡೆ ಅಷ್ಟಿಷ್ಟು ಕತ್ತರಿಸಿದ್ದರಿಂದ ಒಟ್ಟು ಉದ್ದ ಹಳೆಯದಕ್ಕಿಂತ ಸ್ವಲ್ಪ ಕಮ್ಮಿಯೇ ಆಯಿತು. ಆದರೆ ತಮ್ಮ ಆಯ್ಕೆ 1979ರದೇ ಅಂತ ಸ್ಕಾಟ್ ಅವರೇ ಹೇಳಿದ್ದಾರೆ.

ಬಿಡುಗಡೆಯಾದ ಮೇಲೆ ತೆಗೆದ ದೃಶ್ಯ?

ಇದು ನಿಜಕ್ಕೂ ಕಷ್ಟದ ಪ್ರಶ್ನೆ. ಯಾಕೆಂದರೆ ಅದನ್ನು ಜನ ನೋಡಿದ್ದಾರೆ. ಕುಬ್ರಿಕ್ ಹೀಗೆ ಮಾಡುತ್ತಿದ್ದರು. 1968ರ ಏಪ್ರಿಲ್‌ನಲ್ಲಿ '2001: ಎ ಸ್ಪೇಸ್ ಒಡಿಸ್ಸಿ' ತೆರೆ ಕಂಡ ಬೆನ್ನಲ್ಲೇ ಸುಮಾರು 19 ನಿಮಿಷ ಕತ್ತರಿಸಿದರು. 1980ರಲ್ಲಿ 'ದಿ ಶೈನಿಂಗ್' ಓಡುತ್ತಿರುವಾಗಲೇ ಕೊನೆಯ ಆಸ್ಪತ್ರೆ ದೃಶ್ಯವನ್ನು ಪ್ರಿಂಟ್‌ಗಳಿಂದ ಕತ್ತರಿಸಿ ವಾಪಸ್ ಕಳಿಸುವಂತೆ ಮಾಡಿದರು. ಅದರಲ್ಲಿ ಕಥೆ ನಡೆಯುವ ಹೋಟೆಲ್‌ನ ಮ್ಯಾನೇಜರ್, ಕೊಲ್ಲಲು ಬಂದ ಗಂಡ ಜ್ಯಾಕ್‌ನಿಂದ ಮಗನ ಜೊತೆ ಬದುಕುಳಿದ ವೆಂಡಿಯನ್ನು ನೋಡಲು ಬರುತ್ತಾನೆ. ಅದು ಹೋದ ಮೇಲೆ, ಹಿಮದಲ್ಲಿ ಹೆಪ್ಪುಗಟ್ಟಿದ ಜ್ಯಾಕ್‌ನಿಂದ ನೇರವಾಗಿ ಗೋಡೆಯ ಮೇಲಿನ ಹಳೇ ಫೋಟೊಗೆ ಹೋಗುತ್ತೇವೆ. ತಾಯಿ ಮಗ ಎಲ್ಲಿದ್ದಾರೆ, ಹೇಗಿದ್ದಾರೆ ಅನ್ನುವ ಸಮಾಧಾನವೂ ಸಿಗುವುದಿಲ್ಲ.

ಆಮೇಲೆ ಬೇರೆ ದೇಶಗಳಿಗಾಗಿ ಅವರೇ ಇನ್ನೂ ಸುಮಾರು 25 ನಿಮಿಷ ತೆಗೆದರು. ಹಾಗಾಗಿ ಅಮೆರಿಕದ ಪ್ರತಿ ಸುಮಾರು 144 ನಿಮಿಷ, ಹೊರಗಿನದು 119 ನಿಮಿಷ. ನನ್ನ ಉತ್ತರ ಇಷ್ಟು: ಎರಡೂ ಮುಗಿದ ಪ್ರತಿಗಳೇ. ಆಸ್ಪತ್ರೆ ದೃಶ್ಯ ಮೊದಲ ಕೆಲವು ದಿನ ಸಿನಿಮಾದ ಭಾಗವಾಗಿತ್ತು, ಆಮೇಲೆ ಅಲ್ಲ. ಈ ಉತ್ತರ ಅಷ್ಟು ಹಿತವಾಗಿಲ್ಲ, ಗೊತ್ತು. ಆದರೆ ನಡೆದದ್ದು ಹಾಗೆ.

ನಿರ್ದೇಶಕರು ಬೇಡ ಅಂದರೂ ಸ್ಟುಡಿಯೊ ಅಥವಾ ಸೆನ್ಸಾರ್ ಕತ್ತರಿಸಿದ್ದರೆ?

ಇಲ್ಲಿ ನನ್ನ ಉತ್ತರ ಮೆತ್ತಗಾಗುತ್ತದೆ. ಇಷ್ಟು ಹೊತ್ತು ನಾನು ಹೇಳಿದ್ದಕ್ಕೆಲ್ಲಾ ಬುಡ ಒಂದೇ: ಬಿಡುವುದು ಮಾಡಿದವರ ತೀರ್ಮಾನ, ಅದಕ್ಕೆ ಮರ್ಯಾದೆ ಕೊಡಬೇಕು. ತೀರ್ಮಾನ ಅವರದ್ದೇ ಅಲ್ಲದಿದ್ದರೆ?

ಆರ್ಸನ್ ವೆಲ್ಸ್ ಅವರ 1942ರ 'ದಿ ಮ್ಯಾಗ್ನಿಫಿಸೆಂಟ್ ಆಂಬರ್ಸನ್ಸ್' ಮೊದಲು ಎರಡು ಗಂಟೆಗಿಂತ ಉದ್ದ ಇತ್ತು. ಪ್ರಿವ್ಯೂ ನೋಡಿದ ಜನ ಮೆಚ್ಚಲಿಲ್ಲ. ವೆಲ್ಸ್ ಆಗ ಬ್ರೆಜಿಲ್‌ನಲ್ಲಿ ಬೇರೆ ಚಿತ್ರದ ಕೆಲಸದಲ್ಲಿದ್ದರು. ಆರ್‌ಕೆಒ ಸ್ಟುಡಿಯೊ ಅದನ್ನು 88 ನಿಮಿಷಕ್ಕೆ ಇಳಿಸಿತು. ಬೇರೆಯವರಿಂದ ಹೊಸ ಕೊನೆ ಶೂಟ್ ಮಾಡಿಸಿ ಅಂಟಿಸಿತು. ಕತ್ತರಿಸಿದ ನೆಗೆಟಿವ್ ನಾಶವಾಯಿತು. ಇವತ್ತು ನಮಗಿರುವುದು ಆ 88 ನಿಮಿಷ ಮಾತ್ರ. ಸಿನಿಮಾ ಅದೇ, ಬೇರೆ ಇಲ್ಲ. ಆದರೆ ಅದರ ಕೊನೆ ಸಪ್ಪೆ ಅಂತ ವೆಲ್ಸ್ ಅವರನ್ನು ಬೈಯುವುದು ಅನ್ಯಾಯ. ಆ ಸಿನಿಮಾದ ಬಗ್ಗೆ ಬರೆಯುವ ಯಾರೇ ಆಗಲಿ, ಇದು ಅವರ ಕೈತಪ್ಪಿ ಹೋದ ಪ್ರತಿ ಅಂತ ಒಂದು ಮಾತು ಹೇಳಲೇಬೇಕು.

ವೆಲ್ಸ್ ಅವರ 'ಟಚ್ ಆಫ್ ಈವಿಲ್' ಕೂಡ 1958ರಲ್ಲಿ ಸ್ಟುಡಿಯೊ ಕೈಗೆ ಸಿಕ್ಕಿತು. ಈ ಸಲ ಅವರು 58 ಪುಟಗಳ ಟಿಪ್ಪಣಿ ಬರೆದು ಏನೇನು ಹೇಗಿರಬೇಕು ಅಂತ ಹೇಳಿದ್ದರು. ಅದನ್ನು ಮುಂದಿಟ್ಟುಕೊಂಡು ಸಂಕಲನಕಾರ ವಾಲ್ಟರ್ ಮರ್ಚ್ 1998ರಲ್ಲಿ ಮತ್ತೆ ಎಡಿಟ್ ಮಾಡಿದರು. ವೆಲ್ಸ್ ತೀರಿಕೊಂಡು ಆಗಲೇ 13 ವರ್ಷ. ಅದನ್ನು ವೆಲ್ಸ್ ಮುಗಿಸಿದ ಸಿನಿಮಾ ಅನ್ನಲಾಗದು, ಅವರ ಮಾತಿಗೆ ಅತಿ ಹತ್ತಿರ ಬಂದ ಪ್ರತಿ ಅನ್ನಬಹುದು.

ಸೆನ್ಸಾರ್‌ಗೆ 'ಶೋಲೆ' ಸಾಕು. 1975ರಲ್ಲಿ ಬಂದ ಪ್ರತಿಯಲ್ಲಿ ಠಾಕೂರ್ ಗಬ್ಬರ್‌ನನ್ನು ಕೊಲ್ಲುವ ಹೊತ್ತಿಗೆ ಪೊಲೀಸರು ಬಂದು ತಡೆಯುತ್ತಾರೆ. ರಮೇಶ್ ಸಿಪ್ಪಿ ಮೊದಲು ಚಿತ್ರೀಕರಿಸಿದ್ದು ಹಾಗಲ್ಲ, ಠಾಕೂರ್ ಕೊಂದೇ ಬಿಡುತ್ತಾನೆ. ಸೆನ್ಸಾರ್ ಒಪ್ಪದ್ದರಿಂದ ಬದಲಾಯಿಸಬೇಕಾಯಿತು. ಆ ಮೊದಲ ಕೊನೆಯೊಂದಿಗೆ ದುರಸ್ತಿಗೊಂಡ ಪ್ರತಿ 2025ರಲ್ಲಿ ಪ್ರದರ್ಶನ ಕಂಡಿತು. 50 ವರ್ಷ ಜನ ನೋಡಿದ್ದು ಪೊಲೀಸರು ಬರುವ 'ಶೋಲೆ'. ಅದೂ ಇತಿಹಾಸವೇ, ಅಳಿಸಲಾಗದು. ಆದರೆ ಕೊಲ್ಲುವ ಕೊನೆಯನ್ನು "ಡಿಲೀಟೆಡ್ ಸೀನ್" ಅಂತ ಬೇರೆಲ್ಲದರ ಜೊತೆ ಒಂದೇ ಸಾಲಿನಲ್ಲಿ ಇಡಲು ನನಗೆ ಮನಸ್ಸು ಬರುವುದಿಲ್ಲ. ಮಾಡಿದವರು ಬಿಟ್ಟದ್ದಲ್ಲ ಅದು, ಅವರಿಂದ ಕಿತ್ತುಕೊಂಡದ್ದು.

ಕಳೆದುಹೋಗಿ ಆಮೇಲೆ ಸಿಕ್ಕಿದ ದೃಶ್ಯಗಳು?

ಅವು ಡಿಲೀಟೆಡ್ ಸೀನ್‌ಗಳ ಲೆಕ್ಕಕ್ಕೆ ಬರುವುದಿಲ್ಲ. ಫ್ರಿಟ್ಜ್ ಲಾಂಗ್ ಅವರ 'ಮೆಟ್ರೊಪೊಲಿಸ್' 1927ರಲ್ಲಿ ಬರ್ಲಿನ್‌ನಲ್ಲಿ ಪೂರ್ತಿ ಉದ್ದದಲ್ಲಿ ತೆರೆ ಕಂಡಿತ್ತು. ಕತ್ತರಿ ಬಿದ್ದದ್ದು ಆಮೇಲೆ. 2008ರಲ್ಲಿ ಬ್ಯೂನಸ್ ಐರಿಸ್‌ನ ಸಿನಿಮಾ ಮ್ಯೂಸಿಯಂನಲ್ಲಿ 16 ಮಿಲಿಮೀಟರ್ ಪ್ರತಿ ಸಿಕ್ಕಿ, ಸುಮಾರು 25 ನಿಮಿಷ ಮರಳಿ ಬಂತು. 2010ರ ಪ್ರತಿಯಲ್ಲಿ ಆ ಭಾಗಗಳು ಬಂದ ಕೂಡಲೇ ಗೊತ್ತಾಗುತ್ತದೆ. ಚಿತ್ರದ ತುಂಬಾ ಗೀರು, ಚೌಕಟ್ಟು ಚಿಕ್ಕದು, ಅಂಚಿನಲ್ಲಿ ಕಪ್ಪು. ಆ ಗೀರುಗಳನ್ನು ನೋಡುವಾಗ ನನಗೆ ಸಂತೋಷವೇ ಆಗುತ್ತದೆ, ಇಷ್ಟು ಪಾಡುಪಟ್ಟು ಬಂತಲ್ಲ ಅಂತ.

ಟ್ರೇಲರ್‌ನಲ್ಲಿ ಇದ್ದ ದೃಶ್ಯ ಸಿನಿಮಾದಲ್ಲಿ ಇಲ್ಲದಿದ್ದರೆ?

ಸಿನಿಮಾದ ಭಾಗ ಅಲ್ಲ. ಟ್ರೇಲರ್ ಅನ್ನು ಎಷ್ಟೋ ಸಲ ಫೈನಲ್ ಕಟ್‌ಗೂ ಮೊದಲೇ ಕಟ್ಟಿರುತ್ತಾರೆ. ಆದರೆ ಮೋಸ ಹೋದೆವು ಅನ್ನಿಸುವುದೂ ನಿಜ. 2019ರ 'ಯೆಸ್ಟರ್‌ಡೇ' ಟ್ರೇಲರ್‌ನಲ್ಲಿ ಅನಾ ದೆ ಅರ್ಮಾಸ್ ಇದ್ದರು, ಸಿನಿಮಾದಲ್ಲಿ ಇರಲಿಲ್ಲ. ಇಬ್ಬರು ಪ್ರೇಕ್ಷಕರು ಅಮೆರಿಕದಲ್ಲಿ ಕೇಸು ಹಾಕಿದರು. ಟ್ರೇಲರ್ ಒಂದು ಜಾಹೀರಾತೇ ಅಂತ 2022ರಲ್ಲಿ ನ್ಯಾಯಾಧೀಶರು ಒಪ್ಪಿದರು. ಮರುವರ್ಷ ಬೇರೆ ಕಾರಣಕ್ಕೆ ಕೇಸು ಬಿದ್ದುಹೋಯಿತು.

ಪಾತ್ರ ಪೂರ್ತಿ ಹೋದ ನಟರು ಆ ಸಿನಿಮಾದಲ್ಲಿ ನಟಿಸಿದ್ದಾರೆ ಅನ್ನಬಹುದಾ?

ಆ ಸಿನಿಮಾಕ್ಕಾಗಿ ನಟಿಸಿದ್ದಾರೆ ಅನ್ನಬಹುದು, ಅನ್ನಬೇಕು ಕೂಡ. ಅವರ ಕೆಲಸ ಸುಳ್ಳಲ್ಲ. ಟೆರೆನ್ಸ್ ಮ್ಯಾಲಿಕ್ ಅವರ 1998ರ 'ದಿ ಥಿನ್ ರೆಡ್ ಲೈನ್'ನಲ್ಲಿ ಹೆಸರಾಂತ ಹಲವರ ಪಾತ್ರ ಇಡೀ ಹೋಯಿತು. ಏಡ್ರಿಯನ್ ಬ್ರೋಡಿ ತಮ್ಮದೇ ಮುಖ್ಯ ಪಾತ್ರ ಅಂದುಕೊಂಡಿದ್ದರು, ತೆರೆ ಮೇಲೆ ಉಳಿದದ್ದು ತೀರಾ ಸ್ವಲ್ಪ. ಇಂಥದ್ದು ಕೇಳಿದಾಗ ಹೊಟ್ಟೆ ಚುರ್ ಅನ್ನುತ್ತದೆ. ಆದರೆ ನಟರ ನೋವು ಬೇರೆ, ಸಿನಿಮಾದಲ್ಲಿ ಏನಿದೆ ಅನ್ನುವುದು ಬೇರೆ. ಕಾಸ್ಟ್‌ನರ್ ಅವರಿಗೆ ಕ್ಯಾಸ್ಡನ್ 1985ರ 'ಸಿಲ್ವರಾಡೊ'ದಲ್ಲಿ ಒಳ್ಳೆಯ ಪಾತ್ರ ಕೊಟ್ಟರು.

ಕ್ರೆಡಿಟ್ಸ್ ಆದ ಮೇಲೆ ಬರುವ ತುಣುಕು? ನಟರು ಎಡವಟ್ಟು ಮಾಡಿದ ಬ್ಲೂಪರ್?

ಕ್ರೆಡಿಟ್ಸ್ ನಡುವೆ ಅಥವಾ ಕೊನೆಗೆ ಬರುವುದು ಸಿನಿಮಾದ ಭಾಗವೇ, ಅದು ಪ್ರತಿಯೊಳಗೇ ಇದೆ. ಬ್ಲೂಪರ್ ಬೇರೆಯಾಗಿ ಬಂದರೆ ಅಲ್ಲ. 1998ರ 'ಎ ಬಗ್ಸ್ ಲೈಫ್'ನಲ್ಲಿ ಕ್ರೆಡಿಟ್ಸ್ ಜೊತೆ ಬರುವ ಬ್ಲೂಪರ್‌ಗಳನ್ನು ಬೇಕೆಂದೇ ಆನಿಮೇಷನ್ ಮಾಡಿದ್ದು. ಹಾಗಾಗಿ ಅವೂ ಸಿನಿಮಾದ್ದೇ.

ಟಿವಿಯಲ್ಲಿ ಕತ್ತರಿಸಿ ತೋರಿಸಿದ ದೃಶ್ಯ?

ಸಿನಿಮಾದ ಭಾಗ. ನಿಮಗೆ ತೋರಿಸಲಿಲ್ಲ, ಅಷ್ಟೇ.

ಹಾಗಾದರೆ ಡಿಲೀಟೆಡ್ ಸೀನ್ ನೋಡುವುದೇ ದಂಡವಾ?

ಖಂಡಿತ ಅಲ್ಲ. ನಾನು ಹುಡುಕಿಕೊಂಡು ಹೋಗಿ ನೋಡುತ್ತೇನೆ. ಸಂಕಲನ ಅಂದರೇನು ಅಂತ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಡಿಸ್ಕ್‌ನಲ್ಲಿ ಬರುವ ಇಂಥ ದೃಶ್ಯಗಳನ್ನು ಹತ್ತಿರದಿಂದ ನೋಡಿ. ಎಷ್ಟೋ ಸಲ ಬಣ್ಣ ಪೇಲವವಾಗಿರುತ್ತದೆ, ಯಾಕೆಂದರೆ ಗ್ರೇಡಿಂಗ್, ಅಂದರೆ ಬಣ್ಣ ತಿದ್ದುವ ಕೆಲಸ, ಆಗಿರುವುದಿಲ್ಲ. ತೆರೆಯ ಕೆಳಗೋ ಮೇಲೋ ಸಮಯ ತೋರಿಸುವ ಟೈಮ್‌ಕೋಡ್ ಅಂಕಿಗಳು ಓಡುತ್ತಿರುತ್ತವೆ. ಹಿನ್ನೆಲೆ ಸಂಗೀತ ಇರುವುದಿಲ್ಲ. ಮಾತಿನ ಜೊತೆ ಸೆಟ್‌ನ ಗುಯ್ ಅನ್ನುವ ಸದ್ದು ಹಾಗೇ ಕೇಳುತ್ತದೆ. ಗ್ರಾಫಿಕ್ಸ್ ಬರಬೇಕಿದ್ದ ಜಾಗದಲ್ಲಿ ಹಸಿರು ಪರದೆ. ಆನಿಮೇಷನ್ ಆದರೆ ಬರೀ ಪೆನ್ಸಿಲ್ ಗೆರೆಯ ಸ್ಟೋರಿಬೋರ್ಡ್, ಯಾಕೆಂದರೆ ಅಲ್ಲಿ ದೃಶ್ಯಗಳು ಪೂರ್ತಿ ತಯಾರಾಗುವ ಮೊದಲೇ ಹೋಗುತ್ತವೆ. ಕೆಲಸ ಅಲ್ಲಿಗೇ ನಿಂತಿದೆ ಅಂತ ಕಣ್ಣಿಗೆ, ಕಿವಿಗೆ ಗೊತ್ತಾಗುತ್ತದೆ.

ನೋಡುವಾಗ ಒಂದು ಕೆಲಸ ಮಾಡಿ. ಈ ದೃಶ್ಯ ಸಿನಿಮಾದಲ್ಲಿ ಎಲ್ಲಿ ಬರಬೇಕಿತ್ತು ಅಂತ ಹುಡುಕಿ. ಅದರ ಹಿಂದಿನ ದೃಶ್ಯದ ಕೊನೆಯ ಶಾಟ್, ಮುಂದಿನ ದೃಶ್ಯದ ಮೊದಲ ಶಾಟ್ ಎರಡನ್ನೂ ನೋಡಿ. ಈಗ ಅವು ಅಕ್ಕಪಕ್ಕ ಇವೆ. ಅವುಗಳ ನಡುವೆ ಈಗ ಹುಟ್ಟಿರುವುದು ಏನು, ದೃಶ್ಯ ಇದ್ದಿದ್ದರೆ ಯಾವುದು ಹುಟ್ಟುತ್ತಿರಲಿಲ್ಲ ಅಂತ ಕೇಳಿಕೊಳ್ಳಿ. ಸಂಕಲನಕಾರರ ಹೆಸರು ಟೈಟಲ್‌ನಲ್ಲಿ ಬರುವಾಗ ನಾವು ಯಾರೂ ಗಮನ ಕೊಡುವುದಿಲ್ಲ. ಅವರು ಏನು ಮಾಡಿದರು ಅನ್ನುವುದು ಕಣ್ಣಿಗೆ ಬೀಳುವ ಜಾಗ ಇದೊಂದೇ.

ಸಿನಿಮಾದ ಬಗ್ಗೆ ಬರೆಯುವಾಗ ಇಂಥ ದೃಶ್ಯವನ್ನು ಹೆಸರಿಸಬಹುದಾ?

ಧಾರಾಳವಾಗಿ. ಎಲ್ಲಿಂದ ತಂದಿರಿ ಅಂತ ಹೇಳಿ ಅಷ್ಟೇ. "ರಿಪ್ಲಿಗೆ ಮಗಳಿದ್ದಳು" ಅಂತ ಬರೆದು ಬಿಡಬೇಡಿ. "ಉದ್ದದ ಆವೃತ್ತಿಯ ಪ್ರಕಾರ ರಿಪ್ಲಿಗೆ ಮಗಳಿದ್ದಳು" ಅನ್ನಿ. ವರ್ಷ ಹಾಕಿದರೆ ಇನ್ನೂ ಒಳ್ಳೆಯದು. ಓದುವವರು ಬೇರೆ ಪ್ರತಿ ನೋಡಿದ್ದರೆ ತಾವೇ ಏನೋ ಮರೆತೆವು ಅಂತ ಒದ್ದಾಡುವುದಿಲ್ಲ. ಚಿತ್ರಕಥೆಯ ಪುಸ್ತಕದಲ್ಲಿರುವ ದೃಶ್ಯಕ್ಕೂ, ಸಿನಿಮಾ ಆಧರಿಸಿ ಬರೆದ ಕಾದಂಬರಿಗೂ ಇದೇ ಮಾತು.

ಮೊದಲ ಸಲ ನೋಡುವವರು ಯಾವ ಆವೃತ್ತಿ ನೋಡಬೇಕು?

ನಿರ್ದೇಶಕರು ಬೇಸರವಿಲ್ಲದೆ ಬಿಡುಗಡೆ ಮಾಡಿದ್ದರೆ ಥಿಯೇಟರ್ ಆವೃತ್ತಿ. ಅವರ ಕೈಯಿಂದ ಕಿತ್ತುಕೊಂಡಿದ್ದರೆ ಆಮೇಲೆ ಸರಿಪಡಿಸಿದ್ದು. ಡಿಲೀಟೆಡ್ ಸೀನ್‌ಗಳನ್ನು ಅದೇ ದಿನ ನೋಡಬೇಡಿ, ಸಿನಿಮಾ ಮೊದಲು ಮನಸ್ಸಿನಲ್ಲಿ ಕೂರಲಿ. ಇಲ್ಲಿ ಹೇಳಿದವುಗಳಲ್ಲಿ ಕೇಳಿದರೆ, 'ಏಲಿಯನ್', 'ಏಲಿಯನ್ಸ್' ಎರಡಕ್ಕೂ ಥಿಯೇಟರ್ ಆವೃತ್ತಿ, 'ಬ್ಲೇಡ್ ರನ್ನರ್'ಗೆ 2007ರದು, 'ಟಚ್ ಆಫ್ ಈವಿಲ್'ಗೆ 1998ರದು, 'ಮೆಟ್ರೊಪೊಲಿಸ್'ಗೆ 2010ರದು. 'ದಿ ಶೈನಿಂಗ್'ಗೆ ಯಾವುದು ಅಂತ ನಾನು ಇನ್ನೂ ತೀರ್ಮಾನ ಮಾಡಿಲ್ಲ.